ಡಬಲ್ ರೋಡಿನ ಹೆಸರಿನ ಹಿಂದೆ: ಕೆಂಗಲ್ ಹನುಮಂತಯ್ಯನವರ ಎರಡು ಸೋಲುಗಳು

ಶಾಂತಿನಗರ ಬಸ್ ನಿಲ್ದಾಣದ ಮುಂದೆ ಹಾದುಹೋಗುವ ರಸ್ತೆಯನ್ನು ನಾವೆಲ್ಲರೂ ಡಬಲ್ ರೋಡ್ ಎಂದೇ ಕರೆಯುತ್ತೇವೆ. ಕಳೆದ ತಿಂಗಳು ನಮ್ಮ ಮಕ್ತಬ್‌ನ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋದಾಗ ಒಬ್ಬ ಹುಡುಗ ಬಸ್ಸಿನ ಕಿಟಕಿಯಿಂದ ಅಂಗಡಿಯೊಂದರ ಬೋರ್ಡ್ ಓದಿ, “ಹಜರತ್, ಕೆ.ಎಚ್. ರಸ್ತೆ ಅಂತ ಬರೆದಿದೆಯಲ್ಲ, ಕೆ.ಎಚ್. ಅಂದರೆ ಯಾರು?” ಎಂದು ಕೇಳಿದ. “ಕೆಂಗಲ್ ಹನುಮಂತಯ್ಯ, ವಿಧಾನಸೌಧ ಕಟ್ಟಿಸಿದವರು” ಎಂದೆವು. “ಆಮೇಲೆ ಏನಾಯಿತು ಅವರಿಗೆ?” ಎಂದ. ಅಷ್ಟರಲ್ಲಿ ಲಾಲ್‌ಬಾಗ್ ಗೇಟ್ ಬಂತು, ಮಕ್ಕಳನ್ನು ಎಣಿಸಿ ಇಳಿಸುವ ಗಡಿಬಿಡಿಯಲ್ಲಿ ಉತ್ತರ ಹಾಗೇ ಉಳಿಯಿತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈ ಬಾರಿ ಇಲ್ಲಿ ಬರೆಯುತ್ತಿದ್ದೇವೆ. ಅವನ ಮನೆಯಲ್ಲಿ ಈ ಪತ್ರಿಕೆ ಬರುತ್ತದೆ, ಅವನ ಅಜ್ಜಿ ಓದಿ ಹೇಳುತ್ತಾರೆ ಎಂದು ನಮಗೆ ಗೊತ್ತು.

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರವರಿ 14ರಂದು, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯ ಒಕ್ಕಲಿಗರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು ಓದಿದರು. ಮೈಸೂರು ರಸ್ತೆಯಲ್ಲಿ ಹೋಗುವವರು ರಾಮನಗರ ದಾಟಿ ಚನ್ನಪಟ್ಟಣ ಬರುವ ಮೊದಲು ಕೆಂಗಲ್ಲಿನ ಆಂಜನೇಯ ದೇವಸ್ಥಾನವನ್ನು ನೋಡಿರುತ್ತೀರಿ. ಅವರ ಹೆಸರಿನ ಕೆಂಗಲ್ ಅದೇ. ವಕೀಲಿಕೆಗೆ ಇಳಿದ ಸ್ವಲ್ಪ ಕಾಲಕ್ಕೇ ಕಾಂಗ್ರೆಸ್ ಸೇರಿ, ಹಲವು ಬಾರಿ ಜೈಲು ಕಂಡು, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯಲ್ಲಿ ಪಕ್ಷದ ಮುಂದಾಳಾಗಿ ಬೆಳೆದರು. ಅಲ್ಲಿಂದ ಸಂವಿಧಾನ ಸಭೆಗೆ ಹೋದರು.

ಸಂವಿಧಾನ ಸಭೆಯಲ್ಲಿ 1949ರ ನವೆಂಬರ್‌ನಲ್ಲಿ ಅವರು ಮಾಡಿದ ಭಾಷಣ ಇಂದಿಗೂ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ನಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ಸಂಗೀತ, ನಮಗೆ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎನ್ನುವುದು ಅವರ ಆಕ್ಷೇಪದ ತಾತ್ಪರ್ಯ. ಸಂವಿಧಾನ ಬರೆದವರಿಗೆ ಪರದೇಶದ ಮಾದರಿಗಳ ಮೇಲೆ ಮೋಹ ಹೆಚ್ಚಾಯಿತು, ಗಾಂಧೀಜಿ ಕಂಡ ಹಳ್ಳಿಯ ಭಾರತ ಅದರಲ್ಲಿ ಕಾಣುತ್ತಿಲ್ಲ ಎಂಬ ಕೊರಗು ಅವರಿಗಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಹನುಮಂತಯ್ಯನವರು ಸ್ವಭಾವದಲ್ಲಿ ಸಂಪ್ರದಾಯಶೀಲ ಮನುಷ್ಯ. ದೇವರು, ದೇಶ, ಭಾಷೆ, ಶಿಸ್ತು, ಹಿರಿಯರು ಬಿಟ್ಟುಹೋದ ಕಲೆ, ಇವುಗಳ ಮೇಲೆ ಅವರಿಗೆ ಭರವಸೆ. ಎಲ್ಲವನ್ನೂ ಬುಡಮೇಲು ಮಾಡಿ ಹೊಸದು ಕಟ್ಟುತ್ತೇವೆ ಎನ್ನುವವರ ಸಾಲಿಗೆ ಅವರು ಸೇರಿದವರಲ್ಲ. ಇಂಥವರು ನಮ್ಮ ಸಮುದಾಯದಲ್ಲೂ ಬೇಕಾದಷ್ಟು ಇದ್ದಾರೆ, ನಾವೂ ಬಹುಶಃ ಅವರಲ್ಲಿ ಒಬ್ಬರು. ಆದ್ದರಿಂದಲೇ ಅವರ ಕಥೆ ನಮಗೆ ಹತ್ತಿರ ಎನಿಸುತ್ತದೆ.

1952ರ ಮಾರ್ಚ್ 30ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಆಗಿನ ಮೈಸೂರು ಎಂದರೆ ಈಗಿನ ಕರ್ನಾಟಕವಲ್ಲ, ಹಳೆಯ ಸಂಸ್ಥಾನದ ಜಿಲ್ಲೆಗಳು ಮಾತ್ರ. ಅವರ ಹಿಂದಿನ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು, ಶಾಸನಸಭೆಗಾಗಿ ಒಂದು ಕಟ್ಟಡಕ್ಕೆ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ್ದರು. ಆ ಯೋಜನೆ ಸಾಧಾರಣವಾದದ್ದು. ಹನುಮಂತಯ್ಯ ಬಂದು ಅದನ್ನು ಬದಿಗಿಟ್ಟರು. ರಷ್ಯಾದಿಂದ ಬಂದ ನಿಯೋಗವೊಂದಕ್ಕೆ ಬೆಂಗಳೂರು ತೋರಿಸುವಾಗ, “ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡಗಳೇ ಅಲ್ಲವೇ, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ?” ಎಂಬ ಅರ್ಥದ ಪ್ರಶ್ನೆ ಬಂತಂತೆ, ಅದು ಅವರ ಮನಸ್ಸಿಗೆ ಚುಚ್ಚಿತಂತೆ. ಈ ಪ್ರಸಂಗ ವಿಧಾನಸೌಧದ ಬಗ್ಗೆ ಬರೆಯುವವರೆಲ್ಲ ಹೇಳುವಂಥದ್ದು. ವೀಣೆ ಬೇಕಿತ್ತು, ಬ್ಯಾಂಡು ಸಿಕ್ಕಿತು ಎಂದವರು ಈ ಸಲ ವೀಣೆಯನ್ನು ಕಲ್ಲಿನಲ್ಲೇ ಮಾಡಿಸಲು ಹೊರಟರು. ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಬಿ.ಆರ್. ಮಾಣಿಕಂ ಹೊಸ ನಕ್ಷೆ ಮಾಡಿದರು. 700 ಅಡಿ ಉದ್ದ, 350 ಅಡಿ ಅಗಲ. ಸುತ್ತಮುತ್ತಲ ಗಣಿಗಳ ಗ್ರಾನೈಟ್ ಕಲ್ಲು. ಸಾವಿರಾರು ಕೂಲಿಗಳು, ಕಲ್ಲುಕುಟಿಗರು, ಬಡಗಿಗಳು, ಅವರ ಜೊತೆ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳೂ ಕೆಲಸ ಮಾಡಿದರು. ಮುಖ್ಯಮಂತ್ರಿಗಳೇ ಸ್ಥಳಕ್ಕೆ ಬಂದು ನಿಂತು ನೋಡುತ್ತಿದ್ದರು.

ವಿಧಾನಸೌಧದ ಎದುರಿಗೆ ಕೆಂಪು ಬಣ್ಣದ ಹೈಕೋರ್ಟ್ ಇದೆಯಲ್ಲ, ಅದರ ಹಳೆಯ ಹೆಸರು ಅಠಾರ ಕಚೇರಿ. ಅಠಾರ ಎಂದರೆ ಹದಿನೆಂಟು ಎಂದು ನಮ್ಮ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು. 1868ರಲ್ಲಿ ಅಲ್ಲಿಗೆ ಹೋಗುವ ಮೊದಲು ಆ ಕಚೇರಿಗಳು ನಡೆಯುತ್ತಿದ್ದುದು ಕೋಟೆಯ ಬಳಿ ಇರುವ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯಲ್ಲಿ. ಹಾಗೆ ನೋಡಿದರೆ ಈ ರಾಜ್ಯದ ದಫ್ತರು ಟಿಪ್ಪುವಿನ ಮರದ ಕಂಬಗಳಿಂದ ಬ್ರಿಟಿಷರ ಕೆಂಪು ಗೋಡೆಗೆ, ಅಲ್ಲಿಂದ ರಸ್ತೆ ದಾಟಿ ಹನುಮಂತಯ್ಯನವರ ಕಲ್ಲಿನ ಕಟ್ಟಡಕ್ಕೆ ಬಂದಿದೆ.

ಕಟ್ಟಡದ ಮೇಲೆ “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಬರೆಸಿದರು. ಈ ಮಾತನ್ನು ಕಂಡು ನಗುವವರೂ ಇದ್ದಾರೆ. ಫೈಲು ಮೇಜಿನಿಂದ ಮೇಜಿಗೆ ಸರಿಯದೆ ವರ್ಷಗಟ್ಟಲೆ ಅಲೆದವರಿಗೆ ಅದು ತಮಾಷೆಯಾಗಿ ಕಂಡರೆ ಅವರನ್ನು ದೂರುವಂತಿಲ್ಲ. ಆದರೆ ಬರೆಸಿದವರ ಮನಸ್ಸಿನಲ್ಲಿ ಅದು ತಮಾಷೆಯಾಗಿರಲಿಲ್ಲ. ಅಧಿಕಾರ ಎನ್ನುವುದು ಅಮಾನತ್, ಕೊಟ್ಟವನಿಗೆ ಒಂದು ದಿನ ಲೆಕ್ಕ ಒಪ್ಪಿಸಬೇಕು ಎಂದು ನಾವು ಜುಮಾ ದಿನ ಮಿಂಬರ್ ಮೇಲಿಂದ ಹೇಳುವ ಮಾತಿಗೂ ಅದಕ್ಕೂ ಬಹಳ ದೂರವಿಲ್ಲ.

ಕಟ್ಟಡಕ್ಕೆ ಕೊನೆಗೆ ಸುಮಾರು ಒಂದೂಮುಕ್ಕಾಲು ಕೋಟಿ ರೂಪಾಯಿ ಆಯಿತು. ಈಗ ಜಯನಗರದಲ್ಲಿ ಒಂದು ಫ್ಲಾಟ್‌ಗೆ ಆ ಬೆಲೆ ಕೇಳುತ್ತಾರೆ ಎಂದು ನಗಬಹುದು, ಆದರೆ ಆ ಕಾಲದ ಬಡ ರಾಜ್ಯಕ್ಕೆ ಅದು ದೊಡ್ಡ ಮೊತ್ತ. ಹೊಟ್ಟೆಗಿಲ್ಲದವರ ನಾಡಿನಲ್ಲಿ ಅರಮನೆ ಏಕೆ ಎಂದು ವಿರೋಧಿಗಳು ಕೇಳಿದರು, ಪಕ್ಷದೊಳಗಿನವರೂ ಕೇಳಿದರು. ಪ್ರಶ್ನೆ ಸುಳ್ಳಲ್ಲ. ಹನುಮಂತಯ್ಯನವರಿಗೆ ಒಂದು ದೋಷವಿತ್ತು ಎಂದರೆ ಅದು ಇದೇ: ತಾನು ಸರಿ ಎಂದು ಖಾತ್ರಿಯಾದ ಮೇಲೆ ಇನ್ನೊಬ್ಬರ ಮಾತಿಗೆ ಅವರ ಬಳಿ ಹೆಚ್ಚು ಜಾಗ ಇರುತ್ತಿರಲಿಲ್ಲ. ಅವರ ಜೊತೆಗಿದ್ದವರು ಒಬ್ಬೊಬ್ಬರಾಗಿ ದೂರವಾದದ್ದಕ್ಕೆ ಇದೂ ಕಾರಣ.

ಆದರೆ ಅವರ ಮೊದಲ ಸೋಲಿಗೆ ದೊಡ್ಡ ಕಾರಣ ಕಟ್ಟಡವಲ್ಲ, ನಕಾಶೆ. 1953ರಲ್ಲಿ ಭಾಷಾವಾರು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆಮೇಲೆ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ, ಸದಸ್ಯರು ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. 1955ರ ಸೆಪ್ಟೆಂಬರ್‌ನಲ್ಲಿ ಅವರ ವರದಿ ಬಂತು. ಮುಂಬೈ ಪ್ರಾಂತ್ಯದ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಸೀಮೆ, ನಿಜಾಮರ ಹೈದರಾಬಾದಿನ ಗುಲಬರ್ಗಾ, ರಾಯಚೂರು, ಬೀದರ್ ಕಡೆಯ ಕನ್ನಡ ಪ್ರದೇಶ, ಮದ್ರಾಸಿನ ದಕ್ಷಿಣ ಕನ್ನಡ, ಕೊಡಗು, ಇವೆಲ್ಲ ಮೈಸೂರಿನೊಂದಿಗೆ ಕೂಡಿ ಒಂದೇ ರಾಜ್ಯವಾಗಬೇಕು ಎಂಬ ದಾರಿ ತೆರೆಯಿತು.

ಹೊರಗಿನ ಕನ್ನಡಿಗರಿಗೆ ಇದು ಹಬ್ಬ. ಹಳೆ ಮೈಸೂರಿನ ಅನೇಕ ನಾಯಕರಿಗೆ ಮಾತ್ರ ಭಯ. ನೀರಾವರಿ, ವಿದ್ಯುತ್ತು, ಶಾಲೆ ಎಲ್ಲದರಲ್ಲೂ ಮುಂದಿದ್ದ ಸಂಸ್ಥಾನದ ಹಣವನ್ನು ಹಿಂದುಳಿದ ಸೀಮೆಗಳಿಗೆ ಹಂಚಬೇಕಾಗುತ್ತದೆ ಎಂಬುದು ಬಾಯಲ್ಲಿ ಹೇಳುತ್ತಿದ್ದ ಭಯ. ಸಂಸ್ಥಾನದಲ್ಲಿ ಒಕ್ಕಲಿಗರ ಕೈ ಮೇಲಿದೆ, ಉತ್ತರದ ಜಿಲ್ಲೆಗಳು ಬಂದರೆ ಲಿಂಗಾಯತರ ಸಂಖ್ಯೆ ಹೆಚ್ಚಿ ಆ ಕೈ ಕೆಳಗಾಗುತ್ತದೆ ಎಂಬುದು ಮನಸ್ಸಿನಲ್ಲಿದ್ದ ಭಯ. ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂದವರೂ ಇದ್ದರು. ಹನುಮಂತಯ್ಯ ಒಕ್ಕಲಿಗರು. ಏಕೀಕರಣವಾದರೆ ತಮ್ಮ ಕುರ್ಚಿ ಉಳಿಯುವುದು ಕಷ್ಟ ಎಂಬುದು ಅವರಿಗೆ ಗೊತ್ತಿಲ್ಲದ ಲೆಕ್ಕವಲ್ಲ. ಆದರೂ ಶಾಸನಸಭೆಯಲ್ಲಿ ಆ ವರದಿಯ ಚರ್ಚೆ ನಡೆದಾಗ ಏಕೀಕರಣದ ಪರವಾಗಿಯೇ ನಿಂತು ಮಾತಾಡಿದರು. ತಮ್ಮವರ ವಿರುದ್ಧ, ತಮ್ಮ ಲಾಭದ ವಿರುದ್ಧ ಅವರು ಆಡಿದ ಮಾತು ಅದು.

ಒಡೆದ ಪಕ್ಷ ಮತ್ತೆ ಕೂಡಲಿಲ್ಲ. 1956ರ ಆಗಸ್ಟ್‌ನಲ್ಲಿ ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಕೊಂಡು ಅವರು ರಾಜೀನಾಮೆ ಕೊಟ್ಟರು. ಆಗಸ್ಟ್ 19ರಂದು ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿದಾಗ ಆ ಸ್ಥಾನ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರದಾಯಿತು. ವಿಧಾನಸೌಧ ಪೂರ್ತಿಯಾದ ವರ್ಷವೇ ಕಟ್ಟಿಸಿದವರು ಅದರ ಹೊರಗಾದರು. ಕೂಡಿಸಿದ ರಾಜ್ಯವನ್ನು ಒಂದು ದಿನವೂ ಆಳಲಿಲ್ಲ.

ಓದುಗ ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಂದು ಬನಶಂಕರಿ, ಬಿ.ಟಿ.ಎಂ. ಲೇಔಟ್‌ನ ಯಾವುದೇ ಮಸ್ಜಿದ್‌ನ ಸಫ್‌ನಲ್ಲಿ ನಿಂತವರನ್ನು ಊರು ಕೇಳಿ ನೋಡಿ. ಒಬ್ಬರು ಬಂದೇನವಾಜರ ಗುಲಬರ್ಗಾದವರು, ಇನ್ನೊಬ್ಬರು ಬಿಜಾಪುರದವರು, ಪಕ್ಕದವರು ಮಂಗಳೂರಿನ ಬ್ಯಾರಿ, ಅವರ ಹಿಂದೆ ಭಟ್ಕಳದ ನವಾಯತರು, ಮುಂದಿನ ಸಾಲಿನಲ್ಲಿ ಚನ್ನಪಟ್ಟಣದವರು. 1956ಕ್ಕೆ ಮುಂಚೆ ಇವರಲ್ಲಿ ಅರ್ಧಕ್ಕರ್ಧ ಜನಕ್ಕೆ ಬೆಂಗಳೂರು ಪರರಾಜ್ಯ. ಮನೆಯಲ್ಲಿ ದಖ್ಖನಿ, ಬ್ಯಾರಿ, ನವಾಯತಿ ಏನೇ ಆಡಿದರೂ ಇವರ ಮಕ್ಕಳು ಒಂದೇ ಕನ್ನಡ ಪುಸ್ತಕ ಓದುತ್ತಾರೆ. ಈ ಪತ್ರಿಕೆ ಎಲ್ಲ ಜಿಲ್ಲೆಗೂ ಹೋಗುವುದು ಸಾಧ್ಯವಾದದ್ದೂ ಆ ನಕಾಶೆಯಿಂದಲೇ. ಅದಕ್ಕಾಗಿ ದುಡಿದವರು ಬಹಳ ಮಂದಿ, ಹುದ್ದೆ ಕಳೆದುಕೊಂಡವರಲ್ಲಿ ಹನುಮಂತಯ್ಯ ಒಬ್ಬರು.

ಆ ನಕಾಶೆಯಲ್ಲಿ ಒಂದು ಊರು ಹೊರಗುಳಿಯಿತು: ಕಾಸರಗೋಡು. ಅದು ಕೇರಳಕ್ಕೆ ಹೋಯಿತು. ಇದನ್ನೂ ನೆನಪಿಡಿ.

ಕೆಲವು ವರ್ಷ ರಾಜ್ಯ ರಾಜಕಾರಣದಲ್ಲೇ ಇದ್ದು 1962ರಲ್ಲಿ ಅವರು ಬೆಂಗಳೂರು ನಗರದಿಂದ ಲೋಕಸಭೆಗೆ ಆಯ್ಕೆಯಾದರು. 1967ರಲ್ಲಿ ಮತ್ತೆ, 1971ರಲ್ಲಿ ಮತ್ತೆ. ಹದಿನೈದು ವರ್ಷ ಈ ಊರಿನ ಸಂಸದ. ಆಡಳಿತ ಸುಧಾರಣೆಗೆಂದು 1966ರಲ್ಲಿ ನೇಮಕವಾದ ಆಯೋಗದಲ್ಲಿ ಅವರು ಸದಸ್ಯರು. ಅದರ ಅಧ್ಯಕ್ಷ ಮೊರಾರ್ಜಿ ದೇಸಾಯಿ ಉಪಪ್ರಧಾನಿಯಾದಾಗ, 1967ರಲ್ಲಿ, ಇವರೇ ಅಧ್ಯಕ್ಷರಾದರು. ಮಂತ್ರಿಗಳ, ಅಧಿಕಾರಿಗಳ ಭ್ರಷ್ಟಾಚಾರ ವಿಚಾರಿಸಲು ಲೋಕಪಾಲ, ಲೋಕಾಯುಕ್ತ ಬೇಕು ಎಂದು ಶಿಫಾರಸು ಮಾಡಿದ್ದು ಆ ಆಯೋಗ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಕಾನೂನು ಬಂದದ್ದು 1984ರಲ್ಲಿ, ದೆಹಲಿಯಲ್ಲಿ ಲೋಕಪಾಲ ಕಾನೂನು ಬಂದದ್ದು 2013ರಲ್ಲಿ. ಒಟ್ಟು 20 ವರದಿ ಕೊಟ್ಟ ಆಯೋಗದ ಹೆಸರು ಈಗ ಐ.ಎ.ಎಸ್. ಪರೀಕ್ಷೆಗೆ ಓದುವ ಮಕ್ಕಳಿಗೆ ಮಾತ್ರ ಗೊತ್ತು.

ಅದರ ನಡುವೆ ಲಾಲ್‌ಬಾಗ್ ಬಂತು. ಹೈದರ್ ಅಲಿ ಹಾಕಿಸಿದ ಆ ತೋಟದ ಗಾಜಿನ ಮನೆಗೆ ನಾವು ಹೂವಿನ ಪ್ರದರ್ಶನ ನೋಡಲು ಹೋಗುತ್ತೇವೆ. 1969ರ ಜುಲೈಯಲ್ಲಿ ಅಲ್ಲಿ ನಡೆದದ್ದು ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಆ ವರ್ಷ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ತೀರಿಕೊಂಡಿದ್ದರು. ಅವರ ಜಾಗಕ್ಕೆ ಯಾರು ಎಂಬ ಪ್ರಶ್ನೆಯಲ್ಲಿ ಪಕ್ಷದ ಹಿರಿಯರ ಗುಂಪು ಒಂದು ಕಡೆ, ಪ್ರಧಾನಿ ಇಂದಿರಾ ಗಾಂಧಿ ಇನ್ನೊಂದು ಕಡೆ ಆದರು. ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಇಂದಿರಾ ದೆಹಲಿಗೆ ಹಿಂದಿರುಗಿ, ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಆಗಸ್ಟ್‌ನಲ್ಲಿ ವಿ.ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು. ಸಂಪ್ರದಾಯಶೀಲ ಹನುಮಂತಯ್ಯ ಹಿರಿಯರ ಜೊತೆ ಹೋಗುತ್ತಾರೆ ಎಂದು ಯಾರಾದರೂ ಊಹಿಸಬಹುದಿತ್ತು. ಅವರು ಇಂದಿರಾ ಜೊತೆ ಉಳಿದರು. ಆ ಕಡೆ ನಿಜಲಿಂಗಪ್ಪ, ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಈ ಕಡೆ ದೇವರಾಜ ಅರಸು, ಹನುಮಂತಯ್ಯ, ಜೊತೆಗೆ ಯುವಕ ಸಿ.ಕೆ. ಜಾಫರ್ ಷರೀಫ್. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಬಂದವು.

1970ರ ಜೂನ್‌ನಿಂದ 1971ರ ಮಾರ್ಚ್‌ವರೆಗೆ ಹನುಮಂತಯ್ಯ ಕೇಂದ್ರದ ಕಾನೂನು ಮಂತ್ರಿ, ಆಮೇಲೆ 1972ರ ಜುಲೈವರೆಗೆ ರೈಲ್ವೆ ಮಂತ್ರಿ. ಅವರು ಕಾನೂನು ಮಂತ್ರಿಯಾಗಿದ್ದಾಗಲೇ ಸರ್ಕಾರ ಒಂದು ದೊಡ್ಡ ಮೊಕದ್ದಮೆ ಸೋತಿತು. ಹಳೆಯ ರಾಜರಿಗೆ ಕೊಡುತ್ತಿದ್ದ ರಾಜಧನವನ್ನು ಮತ್ತು ಅವರ ಮಾನ್ಯತೆಯನ್ನು ರಾಷ್ಟ್ರಪತಿಯ ಆದೇಶದಿಂದ ರದ್ದು ಮಾಡಿದ್ದನ್ನು 1970ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಹಿದಾಯತುಲ್ಲಾ ಮರುದಿನವೇ ನಿವೃತ್ತರಾಗುವವರಿದ್ದರು. ಆ 11 ನ್ಯಾಯಮೂರ್ತಿಗಳಲ್ಲಿ ಸರ್ಕಾರದ ವಿರುದ್ಧ ತೀರ್ಪು ಬರೆದ ಒಬ್ಬರು ಕೌಡೂರು ಸದಾನಂದ ಹೆಗ್ಡೆ.

ಹೆಗ್ಡೆಯವರು ಕಾರ್ಕಳ ತಾಲೂಕಿನವರು, ಹನುಮಂತಯ್ಯನವರಿಗಿಂತ ಒಂದು ವರ್ಷ ಕಿರಿಯರು. ಅವರೂ ಮೊದಲು ಕಾಂಗ್ರೆಸ್ಸಿನವರೇ, 1952ರಿಂದ ರಾಜ್ಯಸಭೆಯ ಸದಸ್ಯರು. 1957ರಲ್ಲಿ ಮೈಸೂರು ಹೈಕೋರ್ಟ್ ನ್ಯಾಯಮೂರ್ತಿಯಾಗಿ ಬಂದು ಕೂತದ್ದು ವಿಧಾನಸೌಧದ ಎದುರಿನ ಅದೇ ಅಠಾರ ಕಚೇರಿಯಲ್ಲಿ. ಅಲ್ಲಿಂದ ದೆಹಲಿ ಹೈಕೋರ್ಟಿಗೆ, 1967ರಲ್ಲಿ ಸುಪ್ರೀಂ ಕೋರ್ಟಿಗೆ. ಇಂದಿರಾ ಗಾಂಧಿಯವರ ರಾಯ್‌ಬರೇಲಿ ಚುನಾವಣೆಯನ್ನು ಪ್ರಶ್ನಿಸಿ ರಾಜ್‌ನಾರಾಯಣ್ ಹಾಕಿದ್ದ ಅರ್ಜಿಯ ಒಂದು ಹಂತ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ ಪ್ರಧಾನಿಗೆ ಹಿಡಿಸದ ತೀರ್ಪು ಬರೆದವರೂ ಅವರೇ.

ಇನ್ನು ಕಾಸರಗೋಡು. ಅಲ್ಲಿನ ಎಡನೀರು ಮಠದ ಸ್ವಾಮಿ ಕೇಶವಾನಂದ ಭಾರತಿಯವರು, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1956ರಲ್ಲಿ ಕಾಸರಗೋಡು ಈ ಕಡೆ ಬಂದಿದ್ದರೆ ಆ ಮೊಕದ್ದಮೆ ಆ ರೂಪದಲ್ಲಿ ಇರುತ್ತಲೇ ಇರಲಿಲ್ಲ. ಕನ್ನಡ ಮಠವೊಂದರ ಜಮೀನಿನ ತಕರಾರು ಬೆಳೆದು, ಸಂವಿಧಾನವನ್ನು ಸಂಸತ್ತು ಬೇಕಾದಂತೆ ತಿದ್ದಬಹುದೇ ಎಂಬ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆಯಾಗಿ, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲ ಎಂದು ತೀರ್ಮಾನವಾಯಿತು. ಹೆಗ್ಡೆ ಆ ಏಳರಲ್ಲಿ ಒಬ್ಬರು. ಸ್ವಾಮಿಗಳಿಗೆ ಜಮೀನು ಉಳಿಯಲಿಲ್ಲ, ಆದರೆ ಅಲ್ಪಸಂಖ್ಯಾತರ ಹಕ್ಕುಗಳ ವಿಷಯದಲ್ಲಿ ನಮ್ಮ ವಕೀಲರು ಇಂದೂ ಕೈಯಲ್ಲಿ ಹಿಡಿದು ಹೋಗುವ ತೀರ್ಪು ಅದು.

ತೀರ್ಪಿನ ಬೆನ್ನಿಗೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹನುಮಂತಯ್ಯ ಆಗ ಮಂತ್ರಿಯಾಗಿರಲಿಲ್ಲ, ಇದು ಅವರು ಮಾಡಿದ ಕೆಲಸವಲ್ಲ. ಆದರೆ ಅವರ ಪಕ್ಷದ ಸರ್ಕಾರ ಮಾಡಿದ ಕೆಲಸ. ಹೆಗ್ಡೆ ಊರಿಗೆ ಮರಳಿದರು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಎಂದಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ, ಸಂಸದೀಯ ಸಮಿತಿಯ ಕೆಲಸಕ್ಕೆ ಬಂದು ಶಾಸಕರ ಭವನದಲ್ಲಿ ಇಳಿದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಪೊಲೀಸರು ಹಿಡಿದರು. ಅವರನ್ನು ಇಟ್ಟ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ಜುಲೈ 4ರಂದು ಆರ್.ಎಸ್.ಎಸ್. ಜೊತೆ ಜಮಾಅತೆ ಇಸ್ಲಾಮಿ ಹಿಂದ್ ಅನ್ನೂ ನಿಷೇಧಿಸಲಾಯಿತು. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಒಳಗೆ ಒಂದೇ ಆವರಣದಲ್ಲಿ ಊಟ ಮಾಡಿದ ಕಾಲ ಅದು. ಅದೇ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ದೆಹಲಿಯ ತುರ್ಕಮಾನ್ ಗೇಟ್‌ನಲ್ಲಿ 1976ರ ಏಪ್ರಿಲ್‌ನಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಓಡಿ, ಗುಂಡು ಹಾರಿತು. ಬಲವಂತದ ಸಂತಾನಹರಣ ಚಿಕಿತ್ಸೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರಲಿಲ್ಲ, ಬಾಯಿಂದ ಬಾಯಿಗೆ ದಕ್ಷಿಣಕ್ಕೂ ಬಂತು.

ಆದರೂ ಕರ್ನಾಟಕದ ಹಳ್ಳಿಗಳಲ್ಲಿ ಮಾತು ಬೇರೆ ಇತ್ತು. ದೇವರಾಜ ಅರಸು ಗೇಣಿದಾರರಿಗೆ ಭೂಮಿ ಕೊಡಿಸುತ್ತಿದ್ದರು, ಹಾವನೂರ್ ಆಯೋಗ ಹಿಂದುಳಿದವರ ಲೆಕ್ಕ ಬರೆದುಕೊಟ್ಟಿತ್ತು. ಉತ್ತರ ಭಾರತದ ಅತಿರೇಕ ಇಲ್ಲಿ ಅಷ್ಟು ಮುಟ್ಟಲಿಲ್ಲ. ಹೀಗಾಗಿ 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ, ಉತ್ತರದಲ್ಲಿ ಕೊಚ್ಚಿಹೋದ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 26 ಸ್ಥಾನ ಗೆದ್ದಿತು. ಸೋತದ್ದು ಎರಡೇ ಕಡೆ. ಒಂದು ಹಾಸನ. ಇನ್ನೊಂದು ಬೆಂಗಳೂರು ದಕ್ಷಿಣ.

ಬೆಂಗಳೂರು ದಕ್ಷಿಣದಲ್ಲಿ ಹಸು ಕರು ಗುರುತಿನಲ್ಲಿ ನಿಂತವರು ಕೆಂಗಲ್ ಹನುಮಂತಯ್ಯ. ಅವರ ಎದುರು ಜನತಾ ಪಕ್ಷದಿಂದ ನಿಂತವರು ನ್ಯಾಯಮೂರ್ತಿ ಹೆಗ್ಡೆ. ಇಬ್ಬರೂ ಎಪ್ಪತ್ತರ ಹತ್ತಿರದವರು, ಇಬ್ಬರೂ ವಕೀಲರು, ಇಬ್ಬರೂ ಹಳೆ ಕಾಂಗ್ರೆಸ್ಸಿಗರು, ಒಬ್ಬರ ಪ್ರಾಮಾಣಿಕತೆಯನ್ನು ಇನ್ನೊಬ್ಬರು ಅನುಮಾನಿಸುವಂತಿರಲಿಲ್ಲ. ಬಸವನಗುಡಿ, ಜಯನಗರದ ಪಿಂಚಣಿದಾರರು, ಮೇಷ್ಟ್ರುಗಳು, ಬ್ಯಾಂಕ್ ನೌಕರರು ಹೆಗ್ಡೆಯವರನ್ನು ಗೆಲ್ಲಿಸಿದರು. ರಾಜ್ಯದಲ್ಲಿ ಪಕ್ಷದ ಅಲೆ ಇದ್ದಾಗ, ಅದೇ ಪಕ್ಷದ ಅತಿ ಹಿರಿಯ ಅಭ್ಯರ್ಥಿ, ವಿಧಾನಸೌಧ ಕಟ್ಟಿಸಿದ ಮನುಷ್ಯ, ತಾನು ಹದಿನೈದು ವರ್ಷ ಪ್ರತಿನಿಧಿಸಿದ ಊರಿನಲ್ಲೇ ಸೋತರು. ನಗರದ ಇನ್ನೊಂದು ಅರ್ಧ, ಬೆಂಗಳೂರು ಉತ್ತರ, ಅದೇ ಚುನಾವಣೆಯಲ್ಲಿ ಅದೇ ಪಕ್ಷದ ಜಾಫರ್ ಷರೀಫರನ್ನು ಗೆಲ್ಲಿಸಿತು. ಮುಂದೆ ಅವರೂ ರೈಲ್ವೆ ಮಂತ್ರಿಯಾದರು. ಹೆಗ್ಡೆ ಆ ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು.

ನಮ್ಮ ಜಮಾಅತ್‌ನಲ್ಲಿ ಒಬ್ಬ ಹಿರಿಯರಿದ್ದಾರೆ, ಮರಗೆಲಸದವರು. ಅವರ ತಂದೆ ವಿಧಾನಸೌಧದ ಬಾಗಿಲುಗಳ ಕೆಲಸದಲ್ಲಿದ್ದವರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಈ ಲೇಖನಕ್ಕಾಗಿ ಅಸರ್ ನಮಾಜ್ ನಂತರ ಅವರ ಬಳಿ ಕೂತು, “ಚಾಚಾ, 77ರಲ್ಲಿ ನೀವು ಯಾರಿಗೆ ಹಾಕಿದಿರಿ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಬ್ಬಾ ಹನುಮಂತಯ್ಯನವರಿಗೇ ಹಾಕಿದರು ಹಜರತ್, ಅವರ ಉಪ್ಪು ತಿಂದಿದ್ದೇವೆ ಅಂತ. ನಾನು ಹೆಗ್ಡೆಗೆ ಹಾಕಿದೆ. ಹನುಮಂತಯ್ಯ ಕೆಟ್ಟವರು ಅಂತಲ್ಲ. ದೆಹಲಿಯಿಂದ ನಮ್ಮ ಸಾಡೂ ಬಂದು ತುರ್ಕಮಾನ್ ಗೇಟ್ ಕಥೆ ಹೇಳಿದ್ದ. ಎರಡು ದಿನ ಮನೆಯಲ್ಲಿ ಅಬ್ಬಾ ನನ್ನ ಜೊತೆ ಮಾತಾಡಲಿಲ್ಲ.”

ಇದನ್ನು ಕೇಳಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು. 1956ರಲ್ಲಿ ಹನುಮಂತಯ್ಯ ತಮ್ಮ ಗುಂಪಿನ ವಿರುದ್ಧ ನಿಂತು ಹುದ್ದೆ ಕಳೆದುಕೊಂಡರು. 1977ರಲ್ಲಿ ತಮ್ಮ ಗುಂಪಿನ ಜೊತೆ ನಿಂತು ಊರಿನ ವಿಶ್ವಾಸ ಕಳೆದುಕೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಮ್ಮಿಂದ ಆಗುವುದಿಲ್ಲ. ನಲವತ್ತು ವರ್ಷದ ಪಕ್ಷವನ್ನು ಮುಪ್ಪಿನಲ್ಲಿ ಬಿಡುವುದು ಸುಲಭವಲ್ಲ ಎಂಬುದನ್ನೂ ಬಲ್ಲೆವು. ಆದರೆ ಸಂವಿಧಾನದಲ್ಲಿ ಇಂಗ್ಲಿಷ್ ಬ್ಯಾಂಡಿನ ಸದ್ದು ಕೇಳಿ ಎದ್ದು ನಿಂತು ಆಕ್ಷೇಪಿಸಿದ ಮನುಷ್ಯ, ಅದೇ ಸಂವಿಧಾನದ ಹಕ್ಕುಗಳು ಸುಮ್ಮನಾಗಿದ್ದ ಕಾಲದ ಲೆಕ್ಕ ಕೇಳಲು ಜನ ಬಂದಾಗ ಆ ಸರ್ಕಾರದ ಗುರುತು ಹಿಡಿದು ಎದುರಿಗೆ ನಿಂತಿದ್ದರು. ಜನ ಆ ಗುರುತನ್ನು ನೋಡಿದರು.

1980ರ ಡಿಸೆಂಬರ್ 1ರಂದು ಹನುಮಂತಯ್ಯ ತೀರಿಕೊಂಡರು. ಆ ವರ್ಷದ ಆರಂಭದಲ್ಲಿ ಇಂದಿರಾ ಗಾಂಧಿ ದೆಹಲಿಯಲ್ಲಿ ಮತ್ತೆ ಅಧಿಕಾರಕ್ಕೆ ಬಂದಿದ್ದರೂ ಬೆಂಗಳೂರು ದಕ್ಷಿಣ ಮಾತ್ರ ಜನತಾ ಪಕ್ಷದ ಟಿ.ಆರ್. ಶಾಮಣ್ಣನವರನ್ನು ಆರಿಸಿತ್ತು. ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಶಾಮಣ್ಣನವರನ್ನು ಬಸವನಗುಡಿಯ ಹಳಬರು ಇನ್ನೂ ನೆನೆಯುತ್ತಾರೆ. 1977ರಿಂದ ಈಚೆಗೆ ಕಾಂಗ್ರೆಸ್ ಈ ಕ್ಷೇತ್ರವನ್ನು ಗೆದ್ದದ್ದು ಒಮ್ಮೆ ಮಾತ್ರ, 1989ರಲ್ಲಿ, ಆರ್. ಗುಂಡೂರಾವ್ ನಿಂತಾಗ. 1996ರಿಂದ 2018ರಲ್ಲಿ ತೀರಿಕೊಳ್ಳುವವರೆಗೂ ಅನಂತ್ ಕುಮಾರ್ ಇಲ್ಲಿನ ಸಂಸದರಾಗಿದ್ದರು.

ಊರಿನ ಹೆಸರುಗಳಲ್ಲಿ ಈ ಕಥೆಯೆಲ್ಲ ಹಂಚಿಹೋಗಿದೆ. ಜಯನಗರಕ್ಕೆ ಮಹಾರಾಜ ಜಯಚಾಮರಾಜರ ಹೆಸರು. ಜೆ.ಪಿ. ನಗರಕ್ಕೆ ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದ ಜಯಪ್ರಕಾಶ ನಾರಾಯಣರ ಹೆಸರು. ಅಲ್ಲಿಂದ ಶಿವಾಜಿನಗರದ ಕಡೆಗೆ ಬಸ್ ಹತ್ತಿದರೆ ಲಾಲ್‌ಬಾಗ್ ದಾಟಿದ ಮೇಲೆ ಡಬಲ್ ರೋಡ್. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗುವಾಗ ವಿಧಾನಸೌಧದವರೆಗೂ ಹೋಗುವುದೆಂದು ಮಾತಾಗಿದೆ. ಅಲ್ಲಿ ಅವರ ಪ್ರತಿಮೆ ಇದೆ. ನಮ್ಮ ಮರಗೆಲಸದ ಚಾಚಾ ಕೂಡ ಬರುತ್ತೇನೆ ಎಂದಿದ್ದಾರೆ, ಬಾಗಿಲು ತೋರಿಸಬೇಕಂತೆ.